ಬಲೆಯ ಮಾವ, ಈಟಿಯ ಅಳಿಯ

ಮಳೆಗಾಲದ ನಿಷೇಧದ ಕೊನೆಯ ವಾರ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮಲ್ಪೆ ಬಂದರಿನಲ್ಲಿ ಬೋಟುಗಳು ಮೈಗೆ ಮೈ ತಾಗಿಸಿ ನಿಂತಿವೆ. ದಡದಲ್ಲಿ ಬಲೆ ರಿಪೇರಿ ನಡೆದಿದೆ, ಹಲಗೆಗಳಿಗೆ ಹೊಸ ಬಣ್ಣ ಬೀಳುತ್ತಿದೆ.

ಬಂದರಿಗೆ ಹತ್ತಿರದ ಮನೆಯೊಂದರ ಜಗಲಿಯಲ್ಲಿ ಇಬ್ಬರು ಮಾತಿಗೆ ಕುಳಿತಿದ್ದಾರೆ. ಒಬ್ಬರು ಮೀನಿನ ಗುಂಪನ್ನು ಬಲೆಯಿಂದ ಸುತ್ತುವ ಪರ್ಸೀನ್ ಬೋಟಿನಲ್ಲಿ ತಾಂಡೇಲರಾಗಿ, ಅಂದರೆ ಬೋಟು ನಡೆಸುವ ಮುಖ್ಯಸ್ಥರಾಗಿ, ದುಡಿದು ಈಗ ಕೆಲಸ ಬಿಟ್ಟವರು. ಇನ್ನೊಬ್ಬ ಅವರ ತಂಗಿಯ ಮಗ. ಸಿಡ್ನಿಯಲ್ಲಿ ಎಂಜಿನಿಯರ್, ರಜೆಗೆ ಊರಿಗೆ ಬಂದಿದ್ದಾನೆ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನ ನಡೆದು ಬಂದ ಮನೆಗಳಲ್ಲಿ ಸೋದರಮಾವನ ಮಾತಿಗೆ ಇವತ್ತಿಗೂ ತೂಕ ಹೆಚ್ಚು, ಅಳಿಯನ ಸಲಿಗೆಯೂ ಹೆಚ್ಚು. ಮಾವನ ಕೈಯಲ್ಲಿ ಅಳಿಯನ ಫೋನು. ಪರದೆಯ ಮೇಲೆ ಕಪ್ಪು ರಬ್ಬರ್ ಉಡುಪು ತೊಟ್ಟು, ಹಸಿರು–ಹಳದಿ ಬಣ್ಣದ ಉದ್ದ ಮೀನೊಂದನ್ನು ಎತ್ತಿ ಹಿಡಿದ ಅಳಿಯನ ಫೋಟೊ.

ಮಾವ: ಈ ಮೀನು ನಮ್ಮ ಬಲೆಗೂ ಬೀಳುತ್ತದೆ. ಆದರೆ ಇದರ ಹಿಂದೆ ಈಜಿಕೊಂಡು ಹೋಗಿ ಈಟಿಯಲ್ಲಿ ಹೊಡೆಯುವುದನ್ನು ನಾನು ಕಂಡದ್ದಿಲ್ಲ. ನಿಮ್ಮಲ್ಲಿ ಮೀನು ಮಾರುಕಟ್ಟೆ ಇಲ್ಲವಾ ಮಾರಾಯ?

ಅಳಿಯ: ದೊಡ್ಡದೇ ಉಂಟು ಮಾವ. ಬರೀ ಮೀನು ಬೇಕಿದ್ದರೆ ಅಲ್ಲಿಗೇ ಹೋಗುತ್ತಿದ್ದೆ. ಅದು ಜನವರಿ, ಅಲ್ಲಿ ಸೆಖೆಗಾಲ. ನಾವು ನಾಲ್ಕು ಮಂದಿ ಗೆಳೆಯರು ಬೆಳಕು ಹರಿಯುವ ಮೊದಲೇ ಬಾಟನಿ ಬೇಯಿಂದ ಸಣ್ಣ ಬೋಟಿನಲ್ಲಿ ಹೊರಟೆವು. ಆ ಕಾಲಕ್ಕೆ ಉತ್ತರದಿಂದ ಬೆಚ್ಚಗಿನ ನೀರು ಹರಿದು ಬರುತ್ತದೆ, ಅದರ ಜೊತೆ ಈ ಮಾಹಿ ಮಾಹಿಯೂ ಬರುತ್ತದೆ. ಕರಾವಳಿಯುದ್ದಕ್ಕೂ ಸರಕಾರದವರೇ ತೇಲುವ ಬೋಯಾಗಳಿಗೆ ಲಂಗರು ಹಾಕಿ ನಿಲ್ಲಿಸಿದ್ದಾರೆ. ಕೆಳಗೆ ನೂರು ಮೀಟರಿಗೂ ಹೆಚ್ಚು ಆಳ, ಸುತ್ತಲೂ ಬರೀ ನೀಲಿ. ಬೋಯಾದ ನೆರಳಿಗೆ ಮೀನು ಸೇರುತ್ತದೆ.

ಮಾವ: ನೆರಳಿಗೆ ಮೀನು ಸೇರುವುದನ್ನು ನನಗೆ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಕಪ್ಪೆ ಬೊಂಡಾಸ್ (ಕಟಲ್‌ಫಿಶ್) ಹಿಡಿಯುವವರು ತೆಂಗಿನ ಒಣ ಹಿಂಗಾರ ಕಟ್ಟಿ ಕಡಲಿಗೆ ಇಳಿಸುತ್ತಾರೆ. ಮೊಟ್ಟೆ ಇಡಲು ಅದು ಅಲ್ಲಿಗೆ ಬರುತ್ತದೆ, ಬಂದದ್ದನ್ನು ಗಾಳ ಹಾಕಿ ಎತ್ತುತ್ತಾರೆ. ಮೊಟ್ಟೆ ಇಡಲು ಬಂದದ್ದನ್ನೇ ಹಿಡಿದರೆ ಮುಂದಿನ ವರ್ಷಕ್ಕೆ ಎಂತ ಉಳಿಯುತ್ತದೆ ಅಂತ ಅವರಿಗೂ ಟ್ರಾಲ್ ಬೋಟಿನವರಿಗೂ ಜಗಳವೇ ಆಗಿದೆ. ನಿಮ್ಮದೂ ಅದೇ ಉಪಾಯ.

ಅಳಿಯ: ಉಪಾಯ ಅದೇ, ಒಪ್ಪಿದೆ. ಮೀನು ಬೇರೆ. ಮಾಹಿ ಮಾಹಿ ಹುಟ್ಟಿದ ವರ್ಷದೊಳಗೇ ಮೊಟ್ಟೆ ಇಡುವಷ್ಟು ಬೆಳೆಯುತ್ತದೆ. ನಾಲ್ಕೈದು ವರ್ಷಕ್ಕಿಂತ ಹೆಚ್ಚು ಬದುಕುವುದು ಅಪರೂಪ. ಅಲ್ಲಿನ ನಿಯಮದ ಪ್ರಕಾರ 60 ಸೆಂಟಿಮೀಟರಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ. ಒಬ್ಬನಿಗೆ ದಿನಕ್ಕೆ 10 ಮೀನು, ಅದರಲ್ಲಿ 110 ಸೆಂಟಿಮೀಟರ್ ದಾಟಿದ್ದು ಒಂದೇ ಇರಬೇಕು. ಶುಲ್ಕ ಕಟ್ಟಿ ರಸೀದಿಯನ್ನೂ ಇಟ್ಟುಕೊಳ್ಳಬೇಕು. ನಾವು ಆ ಮಿತಿಯ ಹತ್ತಿರಕ್ಕೂ ಹೋಗಲಿಲ್ಲ. ಮನೆಗಳಿಗೆ ಬೇಕಾದಷ್ಟು ಸಿಕ್ಕಿದ ಮೇಲೆ ಈಟಿ ಬಿಡುವ ಕೋವಿಯನ್ನು ಬೋಟಿನಲ್ಲಿಟ್ಟು ಸುಮ್ಮನೆ ಈಜಿದೆವು.

ಮಾವ: ಬೆನ್ನಿಗೆ ಸಿಲಿಂಡರ್ ಇತ್ತಲ್ವಾ? ಗಾಳಿ ಹೊತ್ತುಕೊಂಡು ಹೋದವನಿಗೆ ಮೀನು ಹೊಡೆಯುವುದು ಎಂಥ ದೊಡ್ಡ ಕೆಲಸ?

ಅಳಿಯ: ಸಿಲಿಂಡರ್ ಹಾಕಿಕೊಂಡು ಈಟಿ ಹಿಡಿದರೆ ಅದೇ ಅಪರಾಧ ಮಾವ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಕಾನೂನಿನಲ್ಲಿ ಅದು ಸ್ಪಷ್ಟವಾಗಿ ಉಂಟು. ರಾತ್ರಿ ಟಾರ್ಚ್ ಹಿಡಿದು ಹೊಡೆಯುವಂತೆಯೂ ಇಲ್ಲ. ಮೇಲೆ ಒಂದು ಉಸಿರು ತೆಗೆದುಕೊಳ್ಳಬೇಕು, ಅದು ಮುಗಿಯುವುದರೊಳಗೆ ಮೇಲೆ ಬರಬೇಕು. ನಡುವೆ ಸಿಕ್ಕಿದರೆ ಮೀನು.

ಮಾವ ಫೋನನ್ನು ಕೆಳಗಿಟ್ಟರು. ಆ ಒಂದು ಉಸಿರಿನೊಳಗೆ ಏನೇನು ನಡೆಯುತ್ತದೆ, ಬಿಡಿಸಿ ಹೇಳು ಎಂದರು.

ಅಳಿಯ: ಮೊದಲು ಮುಖ ಕೆಳಗೆ ಮಾಡಿ ತೇಲುತ್ತಾ ನಿಧಾನಕ್ಕೆ ಉಸಿರಾಡುತ್ತೇನೆ. ಕೋವಿಗೆ ಮದ್ದುಗುಂಡು ಇಲ್ಲ, ರಬ್ಬರ್ ಪಟ್ಟಿಯ ಎಳೆತವೇ ಅದರ ಬಲ. ಹಿಡಿಯನ್ನು ಎದೆಗೆ ಒತ್ತಿಕೊಂಡು ಎರಡು ಕೈಯಲ್ಲೂ ರಬ್ಬರನ್ನು ಎಳೆದು ಈಟಿಯ ಕಚ್ಚಿಗೆ ಸಿಕ್ಕಿಸಬೇಕು. ಅದನ್ನು ನೀರಿನೊಳಗೇ ಮಾಡಬೇಕು. ಎಳೆದ ಕೋವಿಯನ್ನು ಬೋಟಿಗೆ ಹತ್ತಿಸುವಂತಿಲ್ಲ. ಆಮೇಲೆ ಸೊಂಟ ಬಗ್ಗಿಸಿ ಕಾಲೆತ್ತಿದರೆ ಕಾಲಿನ ಭಾರಕ್ಕೇ ಮೈ ಒಳಗೆ ಜಾರುತ್ತದೆ. ಕಿವಿ ಒತ್ತುತ್ತದೆ, ಮೂಗು ಹಿಡಿದು ಗಾಳಿ ತಳ್ಳಿ ಸರಿ ಮಾಡಿಕೊಳ್ಳುತ್ತಾ ಇಳಿಯಬೇಕು. 10 ಮೀಟರಿನಲ್ಲಿ ನೀರಿನ ಒತ್ತಡ ಮೇಲಿನದರ ಎರಡರಷ್ಟು, ಶ್ವಾಸಕೋಶ ಅರ್ಧಕ್ಕೆ ಕುಗ್ಗಿರುತ್ತದೆ. ಅಲ್ಲಿಂದ ಕೆಳಗೆ ಕಾಲು ಬಡಿಯದಿದ್ದರೂ ದೇಹ ತಾನಾಗಿ ಇಳಿಯುತ್ತದೆ. ಎದೆಬಡಿತ ನಿಧಾನವಾಗುತ್ತದೆ, ಕೈಕಾಲಿನ ರಕ್ತ ಎದೆಯ ಕಡೆಗೆ, ಮೆದುಳಿನ ಕಡೆಗೆ ಸರಿಯುತ್ತದೆ.

ಮಾವ: ಮೀನು ಕಾದು ಕೂರುತ್ತದಾ ಅಷ್ಟು ಹೊತ್ತು?

ಅಳಿಯ: ಅದರ ಕಡೆಗೆ ಈಜಿದರೆ ಓಡುತ್ತದೆ. ಮುಖ ತಿರುಗಿಸಿ ಸುಮ್ಮನೆ ತೇಲಿದರೆ ಇವನ್ಯಾರು ಅಂತ ಅದೇ ನೋಡಲು ಬರುತ್ತದೆ. ಮೂರು ನಾಲ್ಕು ಮೀಟರಿನಷ್ಟು ಹತ್ತಿರ ಬಂದರೆ ಮಾತ್ರ ಈಟಿ ಬಿಡಬೇಕು. ದೂರದಿಂದ ಹೊಡೆದರೆ ಗಾಯಗೊಂಡು ತಪ್ಪಿಸಿಕೊಂಡ ಮೀನು ಎಲ್ಲೋ ಹೋಗಿ ಸಾಯುತ್ತದೆ, ಅದು ಯಾರಿಗೂ ದಕ್ಕುವುದಿಲ್ಲ. ಸಿಕ್ಕಿದ ಮೀನನ್ನು ಒದ್ದಾಡಲು ಬಿಡುವುದಿಲ್ಲ. ಜಪಾನಿನವರ ಇಕೆಜಿಮೆ ಪದ್ಧತಿಯಂತೆ ಕಣ್ಣಿನ ಹಿಂದೆ, ಮೆದುಳಿಗೆ ಮೊಳೆ ಚುಚ್ಚಿ ತಕ್ಷಣ ಮುಗಿಸುತ್ತೇವೆ. ಕಿವಿರಿನ ರಕ್ತನಾಳ ಕೊಯ್ದು ರಕ್ತ ಬಸಿದು ಐಸಿಗೆ ಹಾಕುತ್ತೇವೆ. ಆಗ ನೋಡಬೇಕು ಮಾವ. ನೀರಿನಲ್ಲಿ ಚಿನ್ನದ ಹಳದಿ, ಕಡು ಹಸಿರು, ಮೈಮೇಲೆ ನೀಲಿ ಚುಕ್ಕೆ ಇದ್ದ ಮೀನು ಕಣ್ಣೆದುರೇ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಮಾವ: ಅದನ್ನು ನೋಡಿಯೂ ಮತ್ತೊಂದು ಸಲ ಕೋವಿ ಎತ್ತುತ್ತೀಯಲ್ಲ?

ಅಳಿಯ: ಎತ್ತುತ್ತೇನೆ. ತಿನ್ನುವ ಮೀನು ಹೇಗೆ ಸತ್ತಿತು ಅಂತ ಗೊತ್ತಿರುವವನು ತಿನ್ನಲಿ ಅಂತ ನನ್ನ ಅಭಿಪ್ರಾಯ. ಬಲೆಯಲ್ಲಿ ಬಂದ ಮೀನು ಡೆಕ್ಕಿನ ಮೇಲೆ ಬಾಯಿ ಬಿಟ್ಟು ಸಾಯುವುದನ್ನು ನೀವು ಜೀವಮಾನವಿಡೀ ನೋಡಿದವರು.

ಮಾವ: ನೋಡಿದ್ದೇನೆ. ಅದು ನಮಗೆ ಅನ್ನ. ಉಸಿರು ಕಟ್ಟಿ ಮುಳುಗುವುದೂ ನನಗೆ ಹೊಸತಲ್ಲ. ಬೋಟಿನ ಅಡಿಯ ಫ್ಯಾನಿಗೆ ಬಲೆ ಸುತ್ತಿಕೊಂಡರೆ ಎಂಜಿನ್ ನಿಲ್ಲಿಸಿ ಯಾರಾದರೊಬ್ಬ ಕತ್ತಿ ಹಿಡಿದು ಇಳಿಯಲೇಬೇಕು. ಅಡಿಯಲ್ಲಿ ಕತ್ತಲು. ಅಲೆಗೆ ಬೋಟು ಎದ್ದು ಬೀಳುತ್ತಿರುತ್ತದೆ, ಅದರ ಅಡಿ ತಲೆಗೆ ಬಡಿದರೆ ಮುಗಿಯಿತು. ಒಂದು ಕೈಯಲ್ಲಿ ಫ್ಯಾನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಹಗ್ಗ ಕೊಯ್ಯಬೇಕು. ಮೇಲೆ ಬಂದು ಉಸಿರು ತೆಗೆದು ಮತ್ತೆ ಇಳಿಯಬೇಕು. ಹೀಗೆ ಇಳಿದವರಲ್ಲಿ ಯಾರೂ ಅದನ್ನು ಖುಷಿಗೆ ಮಾಡಿದ್ದಲ್ಲ.

ಅಳಿಯ: ಹೊಟ್ಟೆಗಾಗಿ ಮುಳುಗಿದವರಿಂದಲೇ ಈ ವಿದ್ಯೆ ಬಂದದ್ದು ಮಾವ. ತೂತುಕುಡಿಯಲ್ಲಿ 1961ರವರೆಗೂ ಮುತ್ತಿನ ಚಿಪ್ಪಿಗಾಗಿ ಮುಳುಗುತ್ತಿದ್ದರು. ಕೊರಿಯಾದ ಜೇಜು ದ್ವೀಪದಲ್ಲಿ ಹೆನ್ಯೊ ಎನ್ನುವ ಹೆಂಗಸರು, ಅವರಲ್ಲಿ ಎಷ್ಟೋ ಮಂದಿ ಅಜ್ಜಿಯರು, ಈಗಲೂ ಸಿಲಿಂಡರ್ ಇಲ್ಲದೆ ಮುಳುಗಿ ಚಿಪ್ಪು ಕೀಳುತ್ತಾರೆ. 2016ರಲ್ಲಿ ಯುನೆಸ್ಕೊ ಅವರ ಸಂಸ್ಕೃತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಇಂಡೊನೇಷ್ಯಾದ ಬಜಾವ್ ಜನ ಮರದ ಚೌಕಟ್ಟಿನ ಕನ್ನಡಕ, ಕೈಯಲ್ಲೇ ಮಾಡಿದ ಈಟಿ ಕೋವಿ ಹಿಡಿದು ಮೀನು ಹೊಡೆಯುತ್ತಾರೆ. ಅವರ ಗುಲ್ಮ, ಅಂದರೆ ಸ್ಪ್ಲೀನ್, ಪಕ್ಕದೂರಿನ ಜನರದ್ದಕ್ಕಿಂತ ಅರ್ಧದಷ್ಟು ದೊಡ್ಡದು ಅಂತ 2018ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಮುಳುಗಿದಾಗ ಗುಲ್ಮ ಹಿಂಡಿಕೊಂಡು, ಆಮ್ಲಜನಕ ಹೊತ್ತ ರಕ್ತಕಣಗಳನ್ನು ಹೊರಕ್ಕೆ ಬಿಡುತ್ತದೆ. ಇಲ್ಲೇ ನಮ್ಮ ಕಡಲ ಬಂಡೆಗಳಿಂದ ಪಚ್ಚಿಲೆ ಚಿಪ್ಪು ಕೀಳುವವರು ಎಂತ ಮಾಡುತ್ತಾರೆ?

ಮಾವ: ನೀನು ಹೆಸರು ಹೇಳಿದವರೆಲ್ಲ ಮಧ್ಯಾಹ್ನದ ಗಂಜಿಗೆ ಮುಳುಗಿದವರು. ನಿನಗೆ ತಿಂಗಳ ಸಂಬಳ ಉಂಟು. ಹಸಿವಿಲ್ಲದವನು ಬೇಟೆಗೆ ಹೋಗುವುದು ಸರಿಯಾ ಅಂತ ನನ್ನ ಪ್ರಶ್ನೆ. ಅದಕ್ಕೆ ಉತ್ತರ ಹೇಳು.

ಅಳಿಯ: ಹಸಿವಿಲ್ಲದವನೂ ಮೀನು ತಿನ್ನುತ್ತಾನಲ್ಲ ಮಾವ. ಯಾರೋ ಹಿಡಿದು ಕೊಟ್ಟದ್ದನ್ನು ತಿಂದರೆ ಸರಿ, ನಾನೇ ಹಿಡಿದರೆ ತಪ್ಪಾ? ನಾನು ಹೊಡೆಯುವ ಮೊದಲು ಯಾವ ಮೀನು, ಎಷ್ಟು ಉದ್ದ ಅಂತ ನೋಡಿ ಹೊಡೆಯುತ್ತೇನೆ. ಬಲೆ ಯಾವುದನ್ನೂ ಕೇಳುವುದಿಲ್ಲ. ಟ್ರಾಲ್ ಬಲೆಯಲ್ಲಿ ಬೆರಳುದ್ದದ ಮರಿಗಳು ರಾಶಿ ರಾಶಿ ಬರುತ್ತವೆ, ಲಾರಿ ಹತ್ತಿ ಫಿಶ್‌ಮಿಲ್ಲಿಗೆ ಹೋಗುತ್ತವೆ. ಅಲ್ಲಿ ಹುಡಿಯಾಗಿ, ಎಣ್ಣೆಯಾಗಿ ಹೊರಗೆ ಬರುತ್ತವೆ. ಅದರಲ್ಲಿ ಅಂಜಲ್ ಮರಿ ಎಷ್ಟೋ, ಬಂಗುಡೆ ಮರಿ ಎಷ್ಟೋ.

ಮಾವ: ಅದು ಸರಿಯಲ್ಲ ಅಂತ ನಾನೂ ಹೇಳುತ್ತೇನೆ. ಆದರೆ ನೀನು ಆರಿಸುವುದು ಯಾವುದನ್ನು? ದೊಡ್ಡದನ್ನೇ ತಾನೇ? ಬಂಡೆಯಲ್ಲಿರುವ ಮುರು ಮೀನನ್ನೇ ತಗೋ. ಅದು ಒಂದೇ ಗುಹೆಯಲ್ಲಿ ವರ್ಷಗಟ್ಟಲೆ ಇರುತ್ತದೆ. ಬಲೆ ಅಲ್ಲಿಗೆ ಹೋಗುವುದಿಲ್ಲ, ಹೋದರೆ ಹರಿಯುತ್ತದೆ. ನಮ್ಮಿಂದ ತಪ್ಪಿಸಿಕೊಂಡು ಉಳಿದ ಆ ತಾಯಿ ಮೀನನ್ನು ನೀನು ಕಣ್ಣಿಟ್ಟು ಹುಡುಕಿ ಹೊಡೆಯುತ್ತೀಯ.

ಇದಕ್ಕೆ ಅಳಿಯ ತಕ್ಷಣ ಉತ್ತರ ಕೊಡಲಿಲ್ಲ. ಮಾವ ಹೇಳಿದ್ದರಲ್ಲಿ ಮೀನಿನ ಜೀವಶಾಸ್ತ್ರವೇ ಇದೆ. ದೊಡ್ಡ ಹೆಣ್ಣು ಮೀನು ಚಿಕ್ಕದಕ್ಕಿಂತ ಎಷ್ಟೋ ಪಾಲು ಹೆಚ್ಚು ಮೊಟ್ಟೆ ಇಡುತ್ತದೆ. ಬಂಡೆಯ ಮೀನುಗಳಲ್ಲಿ ಹಲವು ಹೆಣ್ಣಾಗಿ ಬೆಳೆದು ಮುಂದೆ ಗಂಡಾಗುವಂಥವು. ಗುಂಪಿನ ದೊಡ್ಡ ಗಂಡನ್ನು ತೆಗೆದರೆ ಉಳಿದವುಗಳ ಲೆಕ್ಕಾಚಾರವೇ ತಪ್ಪುತ್ತದೆ.

ಅಳಿಯ: ಆ ವಿಷಯದಲ್ಲಿ ಈಟಿಯವರ ಚರಿತ್ರೆ ಚೆನ್ನಾಗಿಲ್ಲ, ಮುಚ್ಚಿಡುವುದಿಲ್ಲ. ಸಿಡ್ನಿಯ ಬಂಡೆಗಳಲ್ಲಿ ಬ್ಲೂ ಗ್ರೋಪರ್ ಅಂತ ಒಂದು ಮೀನು ಉಂಟು. ಹೆಣ್ಣು ಕಂದು, ಗಂಡು ಅಚ್ಚ ನೀಲಿ. ಮನುಷ್ಯರನ್ನು ಕಂಡರೆ ಓಡುವುದಿಲ್ಲ, ನಾಯಿಮರಿಯ ಹಾಗೆ ಹಿಂದೆಯೇ ಬರುತ್ತದೆ. ಹಾಗಾಗಿ ಹೊಡೆಯುವುದು ಸುಲಭವಾಗಿತ್ತು, ಸಂಖ್ಯೆ ಕುಸಿಯಿತು. 1969ರಲ್ಲಿ ಅದಕ್ಕೆ ಈಟಿ ಹಾಕುವುದನ್ನು ನಿಷೇಧಿಸಿದರು. ಆದರೂ 2023ರ ಕೊನೆಯಲ್ಲಿ ಸಿಡ್ನಿಯ ಕ್ರೊನಲ್ಲಾದ ದಡದಲ್ಲಿ ಒಬ್ಬ ಅಂಥದೊಂದನ್ನು ಹೊಡೆದ. ಅಲ್ಲಿ ಮುಳುಗುವವರೆಲ್ಲ ಆ ಮೀನಿಗೆ ಗಸ್ ಅಂತ ಹೆಸರಿಟ್ಟು ಕರೆಯುತ್ತಿದ್ದರು. ಊರೇ ಸಿಟ್ಟಾಯಿತು. 2024ರಲ್ಲಿ ಸರಕಾರ ಗಾಳ ಹಾಕಿ ಅದನ್ನು ಹಿಡಿಯುವುದನ್ನೂ ನಿಲ್ಲಿಸಿತು.

ಮಾವ: ಒಬ್ಬ ಮಾಡಿದ್ದಕ್ಕೆ ಎಲ್ಲರಿಗೂ ಬೀಗ.

ಅಳಿಯ: ಒಬ್ಬನ ಕತೆ ಅಲ್ಲ. 1950–60ರ ದಶಕಗಳಲ್ಲಿ ಗ್ರೇ ನರ್ಸ್ ಎನ್ನುವ ತಾಟೆಯನ್ನು, ಅಂದರೆ ಶಾರ್ಕನ್ನು, ನರಭಕ್ಷಕ ಅಂತ ತಪ್ಪು ತಿಳಿದು ಈಟಿಯವರು ಬೇಕಾಬಿಟ್ಟಿ ಕೊಂದರು. ಅದು ಮನುಷ್ಯರ ತಂಟೆಗೆ ಬಾರದ ಮೀನು. 1984ರಲ್ಲಿ ನ್ಯೂ ಸೌತ್ ವೇಲ್ಸ್ ಅದಕ್ಕೆ ರಕ್ಷಣೆ ಕೊಟ್ಟಿತು. ಜಗತ್ತಿನಲ್ಲಿ ಕಾನೂನಿನ ರಕ್ಷಣೆ ಸಿಕ್ಕಿದ ಮೊದಲ ಶಾರ್ಕ್ ಅದು. ಇಷ್ಟಾದರೂ ಅದೇ ಈಟಿಯವರ ನಡುವಿನಿಂದ ರಾನ್ ಟೇಲರ್ ಕೂಡ ಬಂದರು. 1965ರಲ್ಲಿ ತಹೀತಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಗೆದ್ದವರು ಅವರು. ಆಮೇಲೆ ಸ್ಪರ್ಧೆಯ ಬೇಟೆ ಸಾಕೆಂದು ಬಿಟ್ಟು ಕ್ಯಾಮೆರಾ ಹಿಡಿದರು. ಅವರೂ ಹೆಂಡತಿ ವ್ಯಾಲರಿಯೂ ಆಸ್ಟ್ರೇಲಿಯಾದ ಕಡಲನ್ನು ಉಳಿಸಲು ಹೋರಾಡಿದರು. ಕೆಳಗೆ ಹೋಗಿ ನೋಡಿದವರಿಗೆ ಮಾತ್ರ ಅಂಥ ಬದಲಾವಣೆ ಸಾಧ್ಯ ಅಂತ ನಾನು ನಂಬುತ್ತೇನೆ.

ಮಾವ: ನೋಡಲಿಕ್ಕೆ ಈಟಿ ಯಾಕೆ ಬೇಕು? ಕ್ಯಾಮೆರಾದಿಂದಲೇ ಸುರು ಮಾಡಬಹುದಿತ್ತಲ್ಲ?

ಅಳಿಯ: ಕ್ಯಾಮೆರಾ ಹಿಡಿದವನು ಅತಿಥಿ ಮಾವ, ನೋಡಿ ಬರುತ್ತಾನೆ. ಬೇಟೆಗೆ ಇಳಿದವನು ನೀರಿನ ಸೆಳೆತ ಯಾವ ಕಡೆಗಿದೆ, ಬೋಯಾದ ಯಾವ ಮಗ್ಗುಲಲ್ಲಿ ಮೀನು ನಿಲ್ಲುತ್ತದೆ, ಸಣ್ಣ ಮೀನು ಇದ್ದಕ್ಕಿದ್ದಂತೆ ಚದುರಿದರೆ ಹಿಂದೆ ಯಾರು ಬರುತ್ತಿದ್ದಾರೆ ಅಂತ ಎಲ್ಲವನ್ನೂ ಕಲಿಯಲೇಬೇಕು. ನೀವು ಬೋಟಿನ ಮೇಲೆ ನಿಂತು ನೀರಿನ ಬಣ್ಣ ನೋಡಿ ಇದು ಬೂತಾಯಿ, ಇದು ಬಂಗುಡೆ ಅಂತ ಹೇಳುತ್ತಿದ್ದಿರಿ. ಹಿಡಿಯುವ ಕೆಲಸ ಇಲ್ಲದಿದ್ದರೆ ಆ ಕಣ್ಣು ನಿಮಗೆ ಬರುತ್ತಿತ್ತಾ?

ಮಾವ: ಬರುತ್ತಿರಲಿಲ್ಲ. ಅದು ಒಪ್ಪುವ ಮಾತೇ.

ಅಳಿಯನಿಗೆ ಒಂದು ಅಂಕ ಸಿಕ್ಕಿತು. ಆದರೆ ತಾಂಡೇಲರ ಮನಸ್ಸಿನಲ್ಲಿ ಇದ್ದದ್ದು ಮೀನಿನ ಪ್ರಾಣವಷ್ಟೇ ಅಲ್ಲ.

ಮಾವ: ನಿನ್ನ ಅಮ್ಮ ನನ್ನಲ್ಲಿ ಕೇಳಿದಳು, ಅವನಿಗೆ ನೀರಿನಲ್ಲಿ ಏನಾದರೂ ಆದರೆ ಅಂತ. 2018ರ ಡಿಸೆಂಬರಿನಲ್ಲಿ ಇದೇ ಬಂದರಿನಿಂದ ಸುವರ್ಣ ತ್ರಿಭುಜ ಬೋಟು ಹೊರಟಿತು. ಏಳು ಮಂದಿ ಇದ್ದರು, ಯಾರೂ ಬರಲಿಲ್ಲ. ಮುಂದಿನ ವರ್ಷ ಮಹಾರಾಷ್ಟ್ರದ ಕಡಲಿನಲ್ಲಿ ಬೋಟಿನ ಅವಶೇಷ ಸಿಕ್ಕಿತು. ಆ ಏಳು ಮನೆಯವರ ಮುಖ ನೋಡಿದವರು ನಾವು. ಹೋಗದೆ ಇರಲು ಅವರಿಗೆ ದಾರಿ ಇರಲಿಲ್ಲ. ನಿನಗೆ ಇತ್ತು.

ಅಳಿಯ: ಆ ಮಾತಿಗೆ ನನ್ನಲ್ಲಿ ಎದುರು ಮಾತಿಲ್ಲ. ಅಪಾಯ ಇದೆ. ಯಾವ ಅಪಾಯ ಅಂತ ತಿಳಿದುಕೊಂಡೇ ಇಳಿಯುತ್ತೇನೆ ಅಂತ ಮಾತ್ರ ಹೇಳಬಲ್ಲೆ. ಎಲ್ಲರೂ ಶಾರ್ಕಿಗೆ ಹೆದರುತ್ತಾರೆ. ಆದರೆ ಈ ಕೆಲಸದಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಎಚ್ಚರ ತಪ್ಪುವುದು. ಉಸಿರು ಬೇಕು ಅಂತ ನಮಗೆ ಹೇಳುವುದು ಆಮ್ಲಜನಕದ ಕೊರತೆ ಅಲ್ಲ, ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್. ಮುಳುಗುವ ಮೊದಲು ಬೇಗ ಬೇಗ ಜೋರಾಗಿ ಉಸಿರಾಡಿದರೆ ಅದು ಕಡಿಮೆಯಾಗುತ್ತದೆ, ಉಸಿರಿನ ತವಕ ತಡವಾಗುತ್ತದೆ. ಅಷ್ಟರಲ್ಲಿ ಆಮ್ಲಜನಕ ಮುಗಿಯುತ್ತಾ ಬಂದಿರುತ್ತದೆ.

ಮಾವ: ಹಾಗಾದರೆ ಆಳದಲ್ಲೇ ಬೀಳಬೇಕಲ್ಲ. ಮೇಲೆ ಬಂದವರು ಸಾಯುತ್ತಾರೆ ಅಂತ ಕೇಳಿದ್ದೇನೆ.

ಅಳಿಯ: ಅದೇ ಮೋಸ ಮಾವ. ಆಳದಲ್ಲಿ ನೀರಿನ ಒತ್ತಡಕ್ಕೆ ಶ್ವಾಸಕೋಶದ ಆಮ್ಲಜನಕವೂ ಒತ್ತಿಕೊಂಡು ರಕ್ತಕ್ಕೆ ಸೇರುತ್ತಿರುತ್ತದೆ, ಎಲ್ಲ ಸರಿಯಾಗಿದೆ ಅಂತ ಅನಿಸುತ್ತದೆ. ಮೇಲೆ ಬರುವಾಗ ಕೊನೆಯ 10 ಮೀಟರಿನಲ್ಲಿ ಒತ್ತಡ ಅರ್ಧಕ್ಕೆ ಇಳಿಯುತ್ತದೆ, ಆಮ್ಲಜನಕದ ಒತ್ತಡವೂ ಒಮ್ಮೆಗೇ ಕುಸಿಯುತ್ತದೆ. ಸೂಚನೆಯೇ ಇಲ್ಲದೆ ಎಚ್ಚರ ಹೋಗುತ್ತದೆ. ಕೆಲವರಿಗೆ ತಲೆ ನೀರಿನ ಮೇಲೆ ಬಂದು ಒಂದು ಉಸಿರು ಎಳೆದ ಮೇಲೂ ಆಗುತ್ತದೆ. ಅದಕ್ಕೇ ನಮ್ಮಲ್ಲಿ ಒಬ್ಬ ಕೆಳಗಿದ್ದರೆ ಇನ್ನೊಬ್ಬ ಮೇಲೆ ಇರಲೇಬೇಕು, ಅವನ ಕಣ್ಣು ಕೆಳಗಿನವನ ಮೇಲೆ. ಮೇಲೆ ಬಂದ ಮೇಲೂ ಅರ್ಧ ನಿಮಿಷ ಅವನನ್ನು ನೋಡುತ್ತಲೇ ಇರಬೇಕು. ಕೆಳಗಿದ್ದ ಹೊತ್ತಿನ ಎರಡು ಪಟ್ಟಾದರೂ ಮೇಲೆ ವಿಶ್ರಾಂತಿ ಬೇಕು. ಮುಳುಗಲು ಸೊಂಟಕ್ಕೆ ಕಟ್ಟುವ ಸೀಸದ ಪಟ್ಟಿ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂತಿರಬೇಕು.

ಮಾವ: ದೊಡ್ಡ ಮೀನು ಕಂಡಾಗ ಈ ಲೆಕ್ಕವೆಲ್ಲ ನೆನಪಿರುತ್ತದಾ?

ಅಳಿಯ: ಮರೆತವರು ಇದ್ದಾರೆ. ಇನ್ನೊಂದು ಕ್ಷಣ ಕಾದರೆ ಮೀನು ಹತ್ತಿರ ಬರುತ್ತದೆ ಎನ್ನುವ ಆಸೆಯೇ ಎಲ್ಲಕ್ಕಿಂತ ಅಪಾಯ. ಆ ದಿನವೂ ನಮ್ಮಲ್ಲೊಬ್ಬ ತೀರಾ ಹೊತ್ತು ಕೆಳಗೆ ನಿಂತ. ಏನೂ ಆಗಲಿಲ್ಲ. ಆದರೂ ಉಳಿದವರು ಅವನನ್ನು ಬೋಟಿಗೆ ಹತ್ತಿಸಿ, ಇವತ್ತಿಗೆ ನಿನ್ನದು ಮುಗಿಯಿತು ಅಂದೆವು. ಅವನೂ ಒಪ್ಪಿದ.

ಮಾವನಿಗೆ ಆ ಮಾತು ಹಿಡಿಸಿತು. ಬೋಟಿನಲ್ಲೂ ತಾಂಡೇಲ ಬೇಡ ಎಂದರೆ ಬೇಡವೇ. ಆದರೆ ಅವರ ಕೊನೆಯ ಪ್ರಶ್ನೆ ಇನ್ನೂ ಬಾಕಿ ಇತ್ತು.

ಮಾವ: ನೀವು ನಾಲ್ಕು ಜನ ಹೋದಿರಿ, ನಿಯಮ ಪಾಲಿಸಿದಿರಿ, ಕಡಲಿಗೆ ಏನೂ ಆಗಲಿಲ್ಲ. ನಾಳೆ ನಾಲ್ಕು ಸಾವಿರ ಜನ ಹೋದರೆ? ನನ್ನ ಅಪ್ಪ ರಂಪಣಿ ಎಳೆದವರು. ಒಂದು ಬಲೆಗೆ ಹತ್ತಾರು ಮಂದಿ ದಡದಿಂದ ಎಳೆಯಬೇಕು, ಬಂದದ್ದನ್ನು ಊರೇ ಹಂಚಿಕೊಳ್ಳಬೇಕು. ಎಪ್ಪತ್ತರ ದಶಕದಲ್ಲಿ ಪರ್ಸೀನ್ ಬಂತು. ಮೊದಲು ಬಂದ ಬೋಟುಗಳಿಗೆ ಬೂತಾಯಿ, ಬಂಗುಡೆ ಹೊರಲಾರದಷ್ಟು ಸಿಕ್ಕಿತು. ಎಲ್ಲರೂ ಬೋಟು ಮಾಡಿಸಿದರು, ರಂಪಣಿಯ ಕಾಲ ಮುಗಿಯಿತು. ಯಾವ ಸಲಕರಣೆಯೂ ಮೊದಲ ಹತ್ತು ಜನರ ಕೈಯಲ್ಲಿ ಇರುವಾಗ ಪಾಪದ್ದೇ. ಇಲ್ಲಿ ಮುರುಡೇಶ್ವರದ ಎದುರಿಗೆ ನೇತ್ರಾಣಿ ಉಂಟು, 19 ಕಿಲೋಮೀಟರ್ ದೂರ. ಸ್ಕೂಬಾದವರು ಜನರನ್ನು ಕರೆದುಕೊಂಡು ಹೋಗಿ ಬಂಡೆಯ ಮೀನು ತೋರಿಸುತ್ತಾರೆ. ಅಲ್ಲಿಗೆ ನಿನ್ನ ಕೋವಿ ಬಂದರೆ ತೋರಿಸಲು ಮೀನು ಎಷ್ಟು ದಿನ ಉಳಿಯುತ್ತದೆ?

ಅಳಿಯ: ನೇತ್ರಾಣಿಗೆ ಕೋವಿ ಬರಬಾರದು. ಅದು ನನ್ನ ಮಾತೂ ಹೌದು. ಜೈಂಟ್ ಗ್ರೂಪರ್, ತಿಮಿಂಗಿಲ ಶಾರ್ಕ್ ಇವೆಲ್ಲ ನಮ್ಮ ವನ್ಯಜೀವಿ ಕಾಯಿದೆಯಲ್ಲೇ ರಕ್ಷಣೆ ಪಡೆದವು. ಆದರೆ ಪಟ್ಟಿಯಲ್ಲಿ ಇಲ್ಲದ ಮೀನಿಗೂ ಒಂದು ಲೆಕ್ಕ ಬೇಕು. ಎಷ್ಟು ಉದ್ದ, ಎಷ್ಟು ಸಂಖ್ಯೆ, ಯಾವ ತಿಂಗಳು, ಯಾವ ಬಂಡೆ ಅಂತ ಮೊದಲೇ ಬರೆದಿಟ್ಟು, ಆಮೇಲೆ ಯಾರನ್ನಾದರೂ ಇಳಿಸಬೇಕು. ಮೀನು ಖಾಲಿಯಾದ ಮೇಲೆ ಬರೆದ ನಿಯಮಕ್ಕೆ ಅರ್ಥ ಇಲ್ಲ.

ಮಾವ: ಬರೆದರೆ ಸಾಕಾ? ಲೈಟ್ ಹಾಕಿ ಮೀನು ಹಿಡಿಯಬಾರದು, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲ್ ಮಾಡಬಾರದು ಅಂತ 2017ರಲ್ಲಿ ಕೇಂದ್ರ ಸರಕಾರ ಆದೇಶ ಮಾಡಿತು. ಅದನ್ನು ಜಾರಿ ಮಾಡಿ ಅಂತ ನಾಡದೋಣಿಯವರು ಇವತ್ತಿಗೂ ಬೀದಿಗೆ ಇಳಿಯಬೇಕಾಗಿದೆ.

ಅಳಿಯ: ಹಾಗಂತ ನಿಯಮವೇ ಬೇಡ ಅನ್ನಲಿಕ್ಕೆ ಆಗುವುದಿಲ್ಲವಲ್ಲ ಮಾವ. ಈ 61 ದಿನ ಬೋಟುಗಳು ನಿಂತದ್ದೂ ಒಂದು ನಿಯಮಕ್ಕೇ.

ಮಾವ: ಅದು ಹೌದು. ಈ ನಿಯಮಕ್ಕೆ ನಾವೇ ಕಾವಲು ನಿಂತಿದ್ದೇವೆ. ಒಂದು ಬೋಟು ಕದ್ದು ಹೊರಟರೆ ಇಡೀ ಬಂದರಿಗೆ ಗೊತ್ತಾಗುತ್ತದೆ. ನೀರಿನ ಅಡಿಯಲ್ಲಿ ಒಬ್ಬನೇ ಇರುವವನನ್ನು ಕಾಯುವುದು ಯಾರು?

ಈ ಪ್ರಶ್ನೆಗೆ ಇಬ್ಬರಲ್ಲೂ ಪೂರ್ತಿ ಉತ್ತರ ಇರಲಿಲ್ಲ. ಮುಂದಿನ ಸೆಖೆಗಾಲಕ್ಕೂ ಬೋಯಾದ ಹತ್ತಿರ ಹೋಗುತ್ತೇನೆ ಎಂದು ಅಳಿಯ ಹೇಳಿದ. ಹಸಿವಿಲ್ಲದ ಬೇಟೆ ತನಗೆ ಒಪ್ಪಿಗೆಯಿಲ್ಲ ಎಂಬ ಮಾತನ್ನು ಮಾವ ಸಡಿಲಿಸಲಿಲ್ಲ. ಹಿಡಿಯುವ ಮುಂಚೆ ಮೀನನ್ನು ನೋಡಬೇಕು ಎಂಬುದರಲ್ಲಿ, ಎಲ್ಲರೂ ಹಿಡಿಯತೊಡಗುವ ಮುಂಚೆ ನಿಯಮ ಬರಬೇಕು ಎಂಬುದರಲ್ಲಿ ಮಾತ್ರ ಇಬ್ಬರ ಮಾತೂ ಒಂದೇ.

ಮುಳುಗುವ ಮೊದಲಿನ ಜೋರು ಉಸಿರಾಟದ ಬಗ್ಗೆ ಅಳಿಯ ಹೇಳಿದ ಸಂಗತಿ ಕಡಲಿಗೆ ಇಳಿಯದವರಿಗೂ ಸಂಬಂಧಿಸಿದ್ದು. ಈಜುಕೊಳದಲ್ಲಿ, ಕೆರೆಯಲ್ಲಿ, ನೀರು ತುಂಬಿದ ಕಲ್ಲುಕ್ವಾರಿಯಲ್ಲಿ ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ ಎಂದು ನಮ್ಮ ಹುಡುಗರು ಪಂದ್ಯ ಕಟ್ಟುತ್ತಾರೆ, ಅದಕ್ಕೆ ಮೊದಲು ಬೇಗ ಬೇಗ ಉಸಿರು ಎಳೆಯುತ್ತಾರೆ. ಎಚ್ಚರ ತಪ್ಪಲು ಆಳ ಬೇಕಾಗಿಲ್ಲ, ಎದೆಮಟ್ಟದ ನೀರು ಸಾಕು. ಮನೆಯಲ್ಲಿ ಈಜುವ ಮಕ್ಕಳಿದ್ದರೆ ಇಂದೇ ಅವರಿಗೆ ಹೇಳಿ: ಮುಳುಗುವ ಮುಂಚೆ ಜೋರಾಗಿ ಉಸಿರಾಡಬೇಡಿ, ಉಸಿರು ಕಟ್ಟಿ ಒಬ್ಬರೇ ಮುಳುಗಬೇಡಿ, ಮುಳುಗಿದವರ ಮೇಲೆ ಕಣ್ಣಿಡಲು ಮೇಲೆ ಒಬ್ಬರು ಇರಲೇಬೇಕು.